ಮೂಡಿಗೆರೆ ಸೀಮೆಯ ಒಂದು ತೋಟದ ಮನೆ: ಗ್ಯಾಸ್‌ಗೆ ತಿರುಗಿಸಿದ ಜನರೇಟರಿನ ಪ್ರಕರಣ

ದೂರು ಸಣ್ಣದಾಗಿತ್ತು. ಜನರೇಟರ್ ಓಡುವಾಗ ದೀಪಗಳು ಹಿಗ್ಗಿ ಕುಗ್ಗುತ್ತವೆ, ಎರಡು ಮೂರು ಗಂಟೆ ಓಡಿದ ಮೇಲೆ ತಾನಾಗಿಯೇ ನಿಂತುಬಿಡುತ್ತದೆ, ನಿಂತಾಗ ಅಜ್ಜಿಯ ಆಮ್ಲಜನಕದ ಯಂತ್ರ ಕೂಗಿಕೊಳ್ಳುತ್ತದೆ. ಮನೆ ಇರುವುದು ಮೂಡಿಗೆರೆ ತಾಲ್ಲೂಕಿನಲ್ಲಿ, ಕೊಟ್ಟಿಗೆಹಾರದ ರಸ್ತೆಯಿಂದ ಒಳಕ್ಕೆ, ಕಾಫಿ ತೋಟದ ನಡುವೆ. ಅಲ್ಲಿಗೆ ಬರುವ 11 ಕೆ.ವಿ. ಲೈನು ಸಿಲ್ವರ್ ಓಕ್ ಮರಗಳ ಸಾಲಿನ ಕೆಳಗೇ ಹಾದುಬರುತ್ತದೆ. ಪುನರ್ವಸು, ಪುಷ್ಯ ಮಳೆಗಳು ಹಿಡಿದರೆ ಎರಡು ಮೂರು ದಿನ ಕರೆಂಟು ಇಲ್ಲದಿರುವುದು ಅಲ್ಲಿ ಸುದ್ದಿಯೇ ಅಲ್ಲ. 2019ರ ಆಗಸ್ಟ್ ತಿಂಗಳಲ್ಲಿ ಗುಡ್ಡಗಳು ಜರಿದು ಚಾರ್ಮಾಡಿ ಘಾಟಿಯ ರಸ್ತೆ ಮುಚ್ಚಿದ್ದನ್ನು ಕಂಡ ಈ ಕಡೆಯವರು ಮನೆಗೊಂದು ಜನರೇಟರ್ ಬೇಕು ಎನ್ನುವುದನ್ನು ಚರ್ಚೆಯ ವಿಷಯವಾಗಿ ಉಳಿಸಿಕೊಂಡಿಲ್ಲ.

ಯಂತ್ರ ಸಾಮಾನ್ಯದ್ದೇ: 196 ಸಿ.ಸಿ.ಯ ಒಂಟಿ ಸಿಲಿಂಡರಿನ ಪೆಟ್ರೋಲ್ ಎಂಜಿನ್, ನಿಮಿಷಕ್ಕೆ 3,000 ಸುತ್ತು, 230 ವೋಲ್ಟ್, 2.4 ಕೆ.ವಿ.ಎ. ಹಿಂದಿನ ವರ್ಷ ಅದು ಮಳೆಗಾಲದ ಆರಂಭದಲ್ಲೇ ಕೈಕೊಟ್ಟಿತ್ತು. ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಹಿಂದಿನ ಅಕ್ಟೋಬರಿನ ಪೆಟ್ರೋಲ್ ಟ್ಯಾಂಕಿನಲ್ಲೇ ಉಳಿದಿತ್ತು. ಈಗಿನ ಪೆಟ್ರೋಲಿನಲ್ಲಿ ಐದನೆಯ ಒಂದು ಪಾಲು ಎಥನಾಲ್. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಮಲೆನಾಡಿನ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ಹೀರಿದ್ದು ಅಳತೆ ಮೀರಿದಾಗ ನೀರೂ ಎಥನಾಲೂ ಒಟ್ಟಾಗಿ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ, ಕಾರ್ಬುರೇಟರಿನ ಬಟ್ಟಲಿನಲ್ಲಿ ಬಿಳಿ ಪುಡಿ ಕಟ್ಟುತ್ತದೆ, ಜೆಟ್‌ನ ಸೂಜಿ ರಂಧ್ರ ಮುಚ್ಚುತ್ತದೆ. ಮನೆಯವರು ಹಗ್ಗ ಎಳೆದೂ ಎಳೆದೂ ಸೋತು, ಪೆಟ್ರೋಲಿನ ಸಹವಾಸವೇ ಬೇಡ, ಗ್ಯಾಸ್‌ಗೆ ತಿರುಗಿಸೋಣ ಎಂದು ತೀರ್ಮಾನಿಸಿದರು. ಆ ತೀರ್ಮಾನದಲ್ಲಿ ತಪ್ಪಿರಲಿಲ್ಲ. ಗ್ಯಾಸ್ ಹಳಸುವುದಿಲ್ಲ, ವರ್ಷಗಟ್ಟಲೆ ಸಿಲಿಂಡರಿನಲ್ಲಿ ಹಾಗೆಯೇ ಇರುತ್ತದೆ. ಪೆಟ್ರೋಲ್ ಬಂಕಿನಲ್ಲಿ ಕ್ಯಾನ್‌ಗೆ ತುಂಬಿಸಿಕೊಳ್ಳುವ ಜಗಳವೂ ಇಲ್ಲ. ತಪ್ಪಿದ್ದದ್ದು ತಿರುಗಿಸಿದ ರೀತಿಯಲ್ಲಿ.

ಕಂಡದ್ದು

ಜನರೇಟರ್ ಇದ್ದದ್ದು ಮನೆಗೆ ಒತ್ತಿಕೊಂಡ ಸೌದೆ ಕೊಟ್ಟಿಗೆಯಲ್ಲಿ. ಮೂರು ಕಡೆ ಗೋಡೆ, ನೆಲ ಅಂಗಳಕ್ಕಿಂತ ಒಂದಡಿ ತಗ್ಗು. ಬಾಗಿಲು ತೆರೆದ ಕೂಡಲೇ ಗ್ಯಾಸಿನ ವಾಸನೆ ಬಡಿಯಿತು. ಎಂಜಿನ್ ಓಡುತ್ತಿರಲಿಲ್ಲ.

ಯಾರೋ ಫಿಟ್ಟರ್ ಏರ್ ಫಿಲ್ಟರಿನ ಡಬ್ಬಿಗೆ ರಂಧ್ರ ಕೊರೆದು, ಹಿತ್ತಾಳೆಯ ನಲ್ಲಿಯೊಂದನ್ನು ಸಿಕ್ಕಿಸಿ, ಅದಕ್ಕೆ ರಬ್ಬರ್ ಕೊಳವೆ ಹಾಕಿ, ಹೋಟೆಲ್ ಭಟ್ಟಿಗಳಿಗೆ ಬಳಸುವ ಅಧಿಕ ಒತ್ತಡದ ರೆಗ್ಯುಲೇಟರ್ ಮೂಲಕ ಅಡುಗೆಮನೆಯ ಕೆಂಪು ಸಿಲಿಂಡರಿಗೆ ಜೋಡಿಸಿದ್ದ. ನಲ್ಲಿಯನ್ನು ಎಷ್ಟು ತಿರುಗಿಸಿದರೆ ಎಂಜಿನ್ ಚೆನ್ನಾಗಿ ಓಡುತ್ತದೆ ಎನ್ನುವುದಕ್ಕೆ ಉಗುರುಬಣ್ಣದ ಗುರುತು ಬೇರೆ. ಇಂಥ ಜೋಡಣೆಗಳನ್ನು ಮೆಚ್ಚಿಕೊಳ್ಳುವವರನ್ನು ನಾನು ಬಲ್ಲೆ. ಅಗ್ಗ, ಸರಳ, ಮತ್ತು ಎಂಜಿನ್ ನಿಜವಾಗಿಯೂ ಓಡುತ್ತದೆ. ಆದರೆ ಎಂಜಿನ್ ನಿಂತರೆ ಗ್ಯಾಸ್ ನಿಲ್ಲುವುದಿಲ್ಲ. ನಲ್ಲಿ ತೆರೆದೇ ಇರುತ್ತದೆ, ಗ್ಯಾಸ್ ಹರಿಯುತ್ತಲೇ ಇರುತ್ತದೆ. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ, ಆದ್ದರಿಂದ ಮೇಲೇರಿ ಹಂಚಿನ ಸಂದಿಯಿಂದ ಹೊರಟುಹೋಗುವುದಿಲ್ಲ. ತಗ್ಗಿನಲ್ಲಿ ನೀರಿನಂತೆ ನಿಲ್ಲುತ್ತದೆ. ಗಾಳಿಯಲ್ಲಿ ಶೇಕಡ 2ರಷ್ಟು ಸೇರಿದರೆ ಸಾಕು, ಕಿಡಿಗೆ ಕಾಯುವುದಷ್ಟೇ ಬಾಕಿ. ನಿಂತುಹೋದ ಯಂತ್ರವನ್ನು ಮತ್ತೆ ಶುರು ಮಾಡಲು ಮನೆಯ ಯಜಮಾನರು ರಾತ್ರಿಯಲ್ಲಿ ಇದೇ ಕೊಟ್ಟಿಗೆಗೆ ಟಾರ್ಚ್ ಹಿಡಿದು ಬಂದು ಹಗ್ಗ ಎಳೆಯುತ್ತಿದ್ದರು. ಪ್ಲಗ್ ಕಿಡಿ ಹಾರಿಸುತ್ತಿತ್ತು. ಏನೂ ಆಗಿರಲಿಲ್ಲ ಎನ್ನುವುದಕ್ಕೆ ನನ್ನ ಬಳಿ ವಿವರಣೆಯಿಲ್ಲ.

ಎರಡನೆಯದು ಹೊಗೆ. ಸೈಲೆನ್ಸರ್ ಇದ್ದದ್ದು ಗೋಡೆಯ ಕಡೆಗೆ. ಗೋಡೆಯ ಆಚೆ ಅಜ್ಜಿ ಮಲಗುವ ಕೋಣೆ. ಹಳೆಯ ಹಂಚಿನ ಮನೆ, ಗೋಡೆಗೂ ಹಂಚಿಗೂ ನಡುವೆ ಕೈ ತೂರುವಷ್ಟು ಸಂದಿ. ಕೆಲವು ದಿನಗಳಿಂದ ಅಜ್ಜಿಗೂ ಸೊಸೆಗೂ ಬೆಳಗಾಗುವಾಗ ತಲೆನೋವು, ವಾಕರಿಕೆ. ಥಂಡಿಗೆ ಇರಬೇಕು ಎಂದು ಕಾಳುಮೆಣಸಿನ ಕಷಾಯ ನಡೆದಿತ್ತು. ಗ್ಯಾಸಿನಲ್ಲಿ ಓಡುವ ಎಂಜಿನ್ನಿಗೆ ಹೊಗೆಯೇ ಇಲ್ಲವಲ್ಲ, ವಾಸನೆಯೂ ಇಲ್ಲವಲ್ಲ ಎನ್ನುವುದು ಮನೆಯವರ ಮಾತು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಪೆಟ್ರೋಲಿನ ಹೊಗೆ ಕೊನೆಯ ಪಕ್ಷ ಕಣ್ಣು ಉರಿಸಿ ಎಚ್ಚರಿಸುತ್ತದೆ. ಗ್ಯಾಸ್ ಹೆಚ್ಚಾಗಿ, ಗಾಳಿ ಕಡಿಮೆಯಾಗಿ ಉರಿಯುವ ಎಂಜಿನ್ ಶುದ್ಧವಾಗಿ ಕಾಣುತ್ತಲೇ ಧಾರಾಳವಾಗಿ ಈ ಅನಿಲವನ್ನು ಉಗುಳುತ್ತದೆ. ನಲ್ಲಿ ತಿರುಗಿಸಿ ಅಂದಾಜಿಗೆ ಹೊಂದಿಸಿದ ಜೋಡಣೆಯಲ್ಲಿ ಹಾಗಾಗುವುದು ಅಪರೂಪವಲ್ಲ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಹೆದರಿಸಿತು. ಅಜ್ಜಿಯ ಬೆರಳಿಗೆ ಹಾಕುವ ಆಕ್ಸಿಮೀಟರ್ 95 ತೋರಿಸುತ್ತಿದೆ, ಹಾಗಾಗಿ ಉಸಿರಿಗೆ ತೊಂದರೆಯಿಲ್ಲ ಎಂದು ಅವರು ನಿಶ್ಚಿಂತರಾಗಿದ್ದರು. ಬೆರಳಿನ ಆಕ್ಸಿಮೀಟರ್ ನೋಡುವುದು ರಕ್ತದ ಬಣ್ಣವನ್ನು. ಕಾರ್ಬನ್ ಮಾನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ನನ್ನೂ ಅದು ಆಮ್ಲಜನಕ ಹಿಡಿದದ್ದು ಎಂದೇ ಎಣಿಸುತ್ತದೆ. ವಿಷ ಏರುತ್ತಿರುವಾಗಲೂ ಅಂಕಿ ಚೆನ್ನಾಗಿಯೇ ಇರುತ್ತದೆ. ಅಜ್ಜಿಯನ್ನೂ ಸೊಸೆಯನ್ನೂ ಅಂದೇ ವೈದ್ಯರಿಗೆ ತೋರಿಸಲು, ಜನರೇಟರ್ ವಿಷಯವನ್ನು ಮೊದಲು ಹೇಳಲು ತಿಳಿಸಿ, ಯಂತ್ರವನ್ನು ಮುಟ್ಟಬೇಡಿ ಎಂದೆ. ಆ ರಾತ್ರಿಗೆ ಅಜ್ಜಿ ಚಿಕ್ಕಮಗಳೂರಿನ ನೆಂಟರ ಮನೆಗೆ ಹೋದರು.

ಮೂರನೆಯದು ಎರಡೂ ತುದಿಗೆ ಗಂಡು ಪಿನ್ನು ಇರುವ ತಂತಿ. ಒಂದು ತುದಿ ಜನರೇಟರಿಗೆ, ಇನ್ನೊಂದು ತುದಿ ಮನೆಯ 15 ಆಂಪಿಯರ್ ಸಾಕೆಟ್ಟಿಗೆ. ಮೇನ್ ಸ್ವಿಚ್ ಇಳಿಸಿಯೇ ಹಾಕುತ್ತೇವೆ ಎಂದರು. ಒಂದು ದಿನ ಮರೆತರೆ ಸಾಕು. 230 ವೋಲ್ಟ್ ಹಿಂದಕ್ಕೆ ಹರಿದು, ಟಿ.ಸಿ.ಯಲ್ಲಿ, ಅಂದರೆ ಲೈನಿನ ಟ್ರಾನ್ಸ್‌ಫಾರ್ಮರಿನಲ್ಲಿ, ತಲೆಕೆಳಗಾಗಿ ಏರಿ, ಮಳೆಯಲ್ಲಿ ಕಂಬ ಹತ್ತಿರುವ ಲೈನ್‌ಮನ್ ಕೈಗೆ 11,000 ವೋಲ್ಟ್ ಆಗಿ ಸಿಗುತ್ತದೆ. ಈ ತಂತಿಯನ್ನು ಅವರ ಎದುರಿನಲ್ಲೇ ಕತ್ತರಿಸಿದೆ. ಬೇರೆ ಕೆಲಸಗಳಿಗೆ ಅವರ ಒಪ್ಪಿಗೆ ಕೇಳಿದ್ದೇನೆ, ಇದಕ್ಕೆ ಕೇಳಲಿಲ್ಲ.

ದೀಪ ಏಕೆ ಹಿಗ್ಗಿ ಕುಗ್ಗುತ್ತಿತ್ತು

ಇಲ್ಲಿಗೆ ಬಂದರೆ ಮೂಲ ದೂರು. ಯಂತ್ರವನ್ನು ಬಯಲಿಗೆ ತಂದು ಓಡಿಸಿ ಅಳೆದಾಗ, 50ರಲ್ಲಿ ನಿಲ್ಲಬೇಕಾದ ಆವರ್ತನ 45ರಿಂದ 54 ಹರ್ಟ್ಸ್‌ವರೆಗೆ ತೂಗುತ್ತಿತ್ತು. ನಲ್ಲಿಯಿಂದ ಬರುವ ಗ್ಯಾಸ್ ಪ್ರಮಾಣ ಒಂದೇ. ಲೋಡ್ ಏರಿದರೆ ಎಂಜಿನ್ನಿಗೆ ಹೆಚ್ಚು ಬೇಕು, ಇಳಿದರೆ ಕಡಿಮೆ ಸಾಕು. ವೇಗ ಕಾಯುವ ಗವರ್ನರ್ ಗಾಳಿಯ ಕದವಾದ ಥ್ರಾಟಲನ್ನು ತೆರೆದರೆ ಗಾಳಿ ಮಾತ್ರ ಹೆಚ್ಚು ಬರುತ್ತದೆ, ಗ್ಯಾಸ್ ಅದರ ಹಿಂದೆ ಬರುವುದಿಲ್ಲ. ಫ್ರಿಜ್ ಶುರುವಾದಾಗಲೆಲ್ಲ ಎಂಜಿನ್ ಏದುಸಿರು ಬಿಡುತ್ತಿದ್ದುದು ಇದಕ್ಕೇ.

ಎರಡು ಮೂರು ಗಂಟೆಯ ಮೇಲೆ ನಿಲ್ಲುತ್ತಿದ್ದುದಕ್ಕೆ ಕಾರಣ ಬೇರೆ, ಅದು ನಮ್ಮ ದೇಶದ ಗ್ಯಾಸಿಗೆ ಸಂಬಂಧಿಸಿದ್ದು. ಅಮೆರಿಕದವರ ವಿಡಿಯೋಗಳಲ್ಲಿ ಹಿಮದ ನಡುವೆ ಜನರೇಟರ್ ಓಡಿಸುತ್ತಾರೆ. ಅವರ ಸಿಲಿಂಡರಿನಲ್ಲಿ ಇರುವುದು ಬಹುಪಾಲು ಪ್ರೊಪೇನ್, ಅದು ಸೊನ್ನೆಗಿಂತ 42 ಡಿಗ್ರಿ ಕೆಳಗೂ ಕುದಿಯುತ್ತದೆ. ನಮ್ಮ ಸಿಲಿಂಡರಿನಲ್ಲಿ ಇರುವುದು ಪ್ರೊಪೇನ್ ಮತ್ತು ಬ್ಯೂಟೇನ್ ಬೆರಕೆ. ಬ್ಯೂಟೇನ್ ಕುದಿಯುವುದು ಹೆಚ್ಚುಕಡಿಮೆ ಸೊನ್ನೆ ಡಿಗ್ರಿಯಲ್ಲಿ. ಗ್ಯಾಸ್ ಎಳೆಯುತ್ತಾ ಹೋದಂತೆ ಸಿಲಿಂಡರಿನ ಒಳಗಿನ ದ್ರವ ಆವಿಯಾಗಲು ತನ್ನದೇ ಬಿಸಿಯನ್ನು ಖರ್ಚು ಮಾಡುತ್ತದೆ, ತಣ್ಣಗಾಗುತ್ತದೆ, ಹೊರಮೈ ಬೆವರುತ್ತದೆ, ಒತ್ತಡ ಇಳಿಯುತ್ತದೆ. ಜೊತೆಗೆ ಪ್ರೊಪೇನ್ ಹಗುರವಾದ್ದರಿಂದ ಅದೇ ಮೊದಲು ಹೆಚ್ಚಾಗಿ ಆವಿಯಾಗಿ ಹೊರಟುಹೋಗುತ್ತದೆ. ಕೊನೆಯ ಕಾಲುಭಾಗದಲ್ಲಿ ಉಳಿಯುವುದು ಬ್ಯೂಟೇನ್ ಹೆಚ್ಚಿರುವ, ಏಳಲು ಸೋಮಾರಿಯಾದ ದ್ರವ. ಜುಲೈ ತಿಂಗಳ ರಾತ್ರಿ, ಸುತ್ತಲಿನ ಗಾಳಿ 18 ಡಿಗ್ರಿ, ಸಿಲಿಂಡರ್ ಮುಕ್ಕಾಲು ಖಾಲಿ. ಎಂಜಿನ್ ಹಸಿದು ನಿಲ್ಲುತ್ತಿತ್ತು. ಒಂದು ರಾತ್ರಿ ಯಜಮಾನರು ಸಿಲಿಂಡರನ್ನು ಅಡ್ಡ ಮಲಗಿಸಿಯೂ ನೋಡಿದ್ದರಂತೆ. ಅಡ್ಡ ಮಲಗಿಸಿದರೆ ಆವಿಯ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. ಬಿಸಿನೀರು ಸುರಿಯುವುದೂ, ಕಂಬಳಿ ಸುತ್ತುವುದೂ ಇದೇ ಸಾಲಿಗೆ ಸೇರಿದ ಉಪಾಯಗಳು. ಕಂಬಳಿಯಂತೂ ಹೊರಗಿನ ಬಿಸಿ ಒಳಗೆ ಹೋಗದಂತೆ ತಡೆದು ತೊಂದರೆಯನ್ನು ಹೆಚ್ಚಿಸುತ್ತದೆ.

ಮಾಡಿದ್ದು

ಕೆಂಪು ಸಿಲಿಂಡರ್ ಮೊದಲು ಅಡುಗೆಮನೆಗೆ ಮರಳಿತು. 14.2 ಕೆ.ಜಿ.ಯ ಗೃಹಬಳಕೆಯ ಗ್ಯಾಸನ್ನು ಎಂಜಿನ್ನಿಗೆ ಹಾಕುವುದು 2000ದ ಎಲ್‌ಪಿಜಿ ಪೂರೈಕೆ ಆದೇಶದ ಪ್ರಕಾರ ಅಪರಾಧ. ಬದಲಿಗೆ ವಾಣಿಜ್ಯ ಬಳಕೆಯ 19 ಕೆ.ಜಿ.ಯ ಎರಡು ಸಿಲಿಂಡರುಗಳು. ಎರಡನ್ನೂ ಒಟ್ಟಿಗೆ ಜೋಡಿಸಿ ಏಕಕಾಲಕ್ಕೆ ಎಳೆಯುವಂತೆ ಮಾಡಿದ್ದರಿಂದ ಪ್ರತಿಯೊಂದರ ಮೇಲಿನ ಭಾರ ಅರ್ಧವಾಯಿತು, ತಣ್ಣಗಾಗುವುದೂ ಕಡಿಮೆಯಾಯಿತು. ಒಂದು ಮುಗಿದ ಮೇಲೆ ಇನ್ನೊಂದು ಎನ್ನುವ ಕ್ರಮವೇ ಲೆಕ್ಕಕ್ಕೆ ಅನುಕೂಲ ಎಂದು ಯಜಮಾನರು ವಾದಿಸಿದರು. ಬೇಸಿಗೆಯಲ್ಲಿ ಹಾಗೆ ಮಾಡಿ, ಮಳೆಗಾಲದಲ್ಲಿ ಬೇಡ ಎಂದೆ.

ರಂಧ್ರ ಕೊರೆದ ಡಬ್ಬಿ ಎಸೆದು, ಕಾರ್ಬುರೇಟರಿಗೂ ಏರ್ ಫಿಲ್ಟರಿಗೂ ನಡುವೆ ವೆಂಚುರಿ (ನಡು ಕಿರಿದಾದ ಕೊಳವೆ) ಇರುವ ಅಡಾಪ್ಟರ್ ಕೂರಿಸಿದ್ದಾಯಿತು. ಅದರ ಹಿಂದೆ ಡಿಮ್ಯಾಂಡ್ ರೆಗ್ಯುಲೇಟರ್. ಇದರ ಗುಣವೇ ಈ ಇಡೀ ಪ್ರಕರಣದ ತಿರುಳು: ಎಂಜಿನ್ ಎಳೆದರೆ ಮಾತ್ರ ಅದರ ಪೊರೆ ತೆರೆಯುತ್ತದೆ, ಎಳೆತ ನಿಂತ ಕೂಡಲೇ ಮುಚ್ಚುತ್ತದೆ. ಲೋಡ್ ಏರಿದರೆ ಎಳೆತ ಹೆಚ್ಚಿ ಗ್ಯಾಸೂ ಹೆಚ್ಚುತ್ತದೆ. ತೂಗಾಟವೂ ಸೋರಿಕೆಯೂ ಒಂದೇ ಭಾಗದಿಂದ ಪರಿಹಾರವಾದವು. ಹೊರದೇಶದ ಕಿಟ್‌ಗಳು ಕೇಳುವ ಒಳಬರುವ ಒತ್ತಡ 11 ಅಂಗುಲ ನೀರಿನ ಎತ್ತರದಷ್ಟು, ಅಂದರೆ ಸುಮಾರು 27 ಮಿಲಿಬಾರ್. ನಮ್ಮ ಒಲೆಯ ಗ್ಯಾಸಿನ ಒತ್ತಡವೂ 30ರ ಹತ್ತಿರ. ಹಾಗಾಗಿ ಭಟ್ಟಿಯ ರೆಗ್ಯುಲೇಟರ್ ತೆಗೆದು, ಸಾಕಷ್ಟು ಹರಿವು ಕೊಡುವ ಕಡಿಮೆ ಒತ್ತಡದ ರೆಗ್ಯುಲೇಟರ್ ಹಾಕಿದರೆ ಎರಡೂ ಹೊಂದಿಕೊಂಡವು. ಕೊಳವೆ ಐಎಸ್ 9573 ಗುರುತಿನದು. ಪ್ರತಿ ಸಂದಿಗೂ ಸೋಪಿನ ನೊರೆ ಹಚ್ಚಿ ನೋಡಿದ ಮೇಲೆಯೇ ಹಗ್ಗ ಎಳೆದದ್ದು.

ಪೆಟ್ರೋಲನ್ನು ಪೂರ್ತಿ ಬಿಡಲಿಲ್ಲ. ಕಾರ್ಬುರೇಟರ್ ಬಿಚ್ಚಿ ತೊಳೆದು, ಜೆಟ್ ಊದಿ, ಹಾಗೆಯೇ ಉಳಿಸಿದೆ; ಗ್ಯಾಸ್ ಮುಗಿದ ದಿನ ಬೇಕಾಗುತ್ತದೆ. ಆದರೆ ಪೆಟ್ರೋಲಿನಿಂದ ಗ್ಯಾಸಿಗೆ ಹೊರಳುವಾಗ ಪೆಟ್ರೋಲ್ ಕೊಳವೆಯ ನಲ್ಲಿ ಮುಚ್ಚಿ, ಬಟ್ಟಲು ಒಣಗಿ ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಬೇಕು. ಎರಡೂ ಒಟ್ಟಿಗೆ ಹೋದರೆ ಪ್ಲಗ್ ಕಪ್ಪಾಗುತ್ತದೆ.

ಜಾಗದ ವಿಷಯದಲ್ಲಿ ಮನೆಯವರಿಗೂ ನನಗೂ ಸ್ವಲ್ಪ ಬಿಸಿ ಮಾತು ನಡೆಯಿತು. ಮಳೆಯಲ್ಲಿ ಛತ್ರಿ ಹಿಡಿದು ಕಣದ ಆಚೆಗೆ ಹೋಗಿ ಯಂತ್ರ ಶುರು ಮಾಡುವುದು ಯಾರಿಗೂ ಇಷ್ಟವಿಲ್ಲ. ಕೊನೆಗೆ ಕಾಫಿ ಕಣದ ಪೂರ್ವದ ಅಂಚಿನಲ್ಲಿ, ಮನೆಯ ಕಿಟಕಿಗಳಿಂದ ಎಂಟು ಮೀಟರ್ ದೂರದಲ್ಲಿ, ನಾಲ್ಕು ಕಂಬಗಳ ಮೇಲೆ ತಗಡಿನ ಮಾಡು ಎತ್ತಿದೆವು. ಗೋಡೆ ಇಲ್ಲ. ಮುಂಗಾರಿನ ಗಾಳಿ ಪಶ್ಚಿಮ ಮತ್ತು ನೈರುತ್ಯದಿಂದ ಬೀಸುವುದರಿಂದ ಹೊಗೆ ಮನೆಯಿಂದ ದೂರಕ್ಕೆ ಹೋಗುತ್ತದೆ. ನೆಲ ಸಮತಟ್ಟಾಗಿ, ಒಂದು ಅಡಿ ಎತ್ತರದ ಸಿಮೆಂಟ್ ಕಟ್ಟೆ. ಸಮತಟ್ಟು ಏಕೆಂದರೆ, ಆಯಿಲ್ ಕಡಿಮೆಯಾದಾಗ ಎಂಜಿನ್ ನಿಲ್ಲಿಸುವ ಸಂವೇದಕ ಇಳಿಜಾರಿನಲ್ಲಿ ಸುಮ್ಮಸುಮ್ಮನೆ ನಿಲ್ಲಿಸುತ್ತದೆ. ಸಿಲಿಂಡರುಗಳು ಮಾಡಿನ ಇನ್ನೊಂದು ತುದಿಗೆ, ಎಂಜಿನ್ನಿನ ಬಿಸಿ ತಾಗದಂತೆ, ನೇರ ನಿಂತು. ಮಲಗುವ ಕೋಣೆಗೆ ಬ್ಯಾಟರಿಯ ಕಾರ್ಬನ್ ಮಾನಾಕ್ಸೈಡ್ ಅಲಾರ್ಮ್.

ವೈರಿಂಗ್ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು, ಏಕೆಂದರೆ ಒಳ್ಳೆಯ ಎಲೆಕ್ಟ್ರಿಷಿಯನ್‌ಗಳೂ ಇಲ್ಲಿ ಎಡವುತ್ತಾರೆ. ಗಂಡು ಪಿನ್ನಿನ ಜಾಗಕ್ಕೆ ಎರಡು ಪೋಲಿನ ಚೇಂಜ್‌ಓವರ್ ಸ್ವಿಚ್ ಬಂತು. ಫೇಸ್ ಮಾತ್ರವಲ್ಲದೆ ನ್ಯೂಟ್ರಲ್ ಕೂಡ ಬದಲಾಗುತ್ತದೆ. ಇಂಥ ಸಣ್ಣ ಜನರೇಟರುಗಳಲ್ಲಿ ಸಾಮಾನ್ಯವಾಗಿ ನ್ಯೂಟ್ರಲ್ ಅರ್ತ್‌ಗೆ ಸೇರಿರುವುದಿಲ್ಲ. ಹಾಗೆಯೇ ಬಿಟ್ಟರೆ ವಿದ್ಯುತ್ ಸೋರಿದರೆ ಕೂಡಲೇ ಕಡಿಯುವ, ಮನೆಯ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಜನರೇಟರ್ ಮೇಲೆ ಕೆಲಸ ಮಾಡುವುದಿಲ್ಲ; ಸೋರಿದ ವಿದ್ಯುತ್ತಿಗೆ ಭೂಮಿಯ ಮೂಲಕ ಹಿಂದಿರುಗುವ ದಾರಿಯೇ ಇಲ್ಲ. ಮೋಸವೆಂದರೆ, ಆರ್‌ಸಿಸಿಬಿಯ ಪರೀಕ್ಷಾ ಗುಂಡಿ ಒತ್ತಿದರೆ ಅದು ಟಕ್ಕನೆ ಬೀಳುತ್ತದೆ. ಆ ಗುಂಡಿ ಫೇಸ್ ಮತ್ತು ನ್ಯೂಟ್ರಲ್ ನಡುವೆಯೇ ಪರೀಕ್ಷಿಸುವುದರಿಂದ ಅರ್ತ್ ಇದೆಯೋ ಇಲ್ಲವೋ ಅದಕ್ಕೆ ತಿಳಿಯದು. ಇಲ್ಲಿ ಜನರೇಟರಿಗೆ ಪ್ರತ್ಯೇಕ ಅರ್ತ್ ಹಾಕಿ, ಜನರೇಟರ್ ಕಡೆಯಲ್ಲಿ ಒಂದೇ ಜಾಗದಲ್ಲಿ ನ್ಯೂಟ್ರಲ್ಲನ್ನು ಅದಕ್ಕೆ ಸೇರಿಸಿ, ಸೋರಿಕೆ ಪರೀಕ್ಷಿಸುವ ಉಪಕರಣದಿಂದಲೇ ಖಚಿತಪಡಿಸಿಕೊಂಡದ್ದಾಯಿತು.

ಲೆಕ್ಕ

ಯಂತ್ರಕ್ಕೆ ಅಂಟಿಸಿದ ವಿವರದ ತಗಡಿನ ಮೇಲೆ 2.4 ಕೆ.ವಿ.ಎ. ಎಂದಿದ್ದರೂ ಅದು ಸಮುದ್ರಮಟ್ಟದ ಪೆಟ್ರೋಲಿನ ಮಾತು. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗಿ ಪ್ರತಿ 300 ಮೀಟರಿಗೆ ಸುಮಾರು ಶೇಕಡ 3ರಷ್ಟು ಶಕ್ತಿ ಇಳಿಯುತ್ತದೆ. ಮೂಡಿಗೆರೆ ಇರುವುದು 900 ಮೀಟರಿನ ಆಸುಪಾಸು. ಗ್ಯಾಸಿಗೆ ತಿರುಗಿಸಿದ್ದಕ್ಕೆ ಇನ್ನೂ ಶೇಕಡ 10ಕ್ಕಿಂತ ಸ್ವಲ್ಪ ಹೆಚ್ಚು. ಕೈಗೆ ಸಿಗುವುದು 1,900 ವಾಟ್ ಎಂದು ಹಿಡಿದರೆ ಸರಿ.

ಇದರಲ್ಲಿ 1 ಎಚ್.ಪಿ.ಯ ಬಾವಿ ಪಂಪ್ ಏಳುವುದಿಲ್ಲ. ಓಡುವಾಗ ಅದಕ್ಕೆ ಒಂದು ಕಿಲೋವಾಟ್ ಸಾಕಾದರೂ ಶುರುವಾಗುವ ಕ್ಷಣದಲ್ಲಿ ನಾಲ್ಕೈದು ಪಟ್ಟು ಕೇಳುತ್ತದೆ. ದೊಡ್ಡ ಜನರೇಟರ್ ತೆಗೆದುಕೊಳ್ಳೋಣವೇ ಎಂಬ ಪ್ರಶ್ನೆ ಬಂತು. ಗುಡ್ಡದ ಮೇಲಿನ ಝರಿಯಿಂದ ಮನೆಗೆ ಮೊದಲು ಪೈಪಿನಲ್ಲಿ ನೀರು ಬರುತ್ತಿತ್ತು, ಪಂಪ್ ಹಾಕಿಸಿದ ಮೇಲೆ ಅದನ್ನು ಕೈಬಿಟ್ಟಿದ್ದರು ಎನ್ನುವುದು ಅಜ್ಜಿಯ ಮಾತಿನಿಂದ ತಿಳಿಯಿತು. ಕರೆಂಟು ಹೋಗುವ ತಿಂಗಳುಗಳೂ ಝರಿ ತುಂಬಿ ಹರಿಯುವ ತಿಂಗಳುಗಳೂ ಒಂದೇ. ತೋಟದ ಆಳುಗಳು ಅರ್ಧ ದಿನದಲ್ಲಿ ಪೈಪ್ ಸರಿಪಡಿಸಿದರು, ಪಂಪ್ ಪ್ರಶ್ನೆ ಅಲ್ಲಿಗೆ ಮುಗಿಯಿತು. ದೊಡ್ಡ ಯಂತ್ರ ಮಾರುವ ಅವಕಾಶ ನನ್ನ ಕೈತಪ್ಪಿತು, ಇರಲಿ.

ಉಳಿದದ್ದು ಅಜ್ಜಿಯ ಯಂತ್ರ. ನಿಮಿಷಕ್ಕೆ ಐದು ಲೀಟರ್ ಆಮ್ಲಜನಕ ಕೊಡುವ ಈ ಕಾನ್ಸಂಟ್ರೇಟರ್ ಸುಮಾರು 350 ವಾಟ್ ಬೇಡುತ್ತದೆ. ವೈದ್ಯರು ಹೇಳಿದ್ದು ರಾತ್ರಿ ಮಲಗುವಾಗ ಮತ್ತು ಹಗಲಿನಲ್ಲಿ ಕೆಲವು ಗಂಟೆ. ಇಡೀ ರಾತ್ರಿ ಜನರೇಟರ್ ಓಡಿಸಿ, ಅದು ನಿಲ್ಲದಿರಲಿ ಎಂದು ದೇವರಿಗೆ ಬಿಡುವ ಪದ್ಧತಿಯನ್ನು ಬದಲಿಸಿದೆವು. ಮನೆಯಲ್ಲಿದ್ದ ಚೌಕ ಅಲೆಯ ಹಳೆಯ ಇನ್ವರ್ಟರ್ ತೆಗೆದು ಸೈನ್ ಅಲೆಯದ್ದು, 150 ಆಂಪಿಯರ್ ಅವರ್‌ನ ಎರಡು ಬ್ಯಾಟರಿ. ಕಾಗದದ ಮೇಲೆ 3.6 ಯೂನಿಟ್, ಬ್ಯಾಟರಿ ಹಾಳಾಗದಂತೆ, ಇನ್ವರ್ಟರಿನ ನಷ್ಟ ಕಳೆದು ಸಿಗುವುದು 2.2ರಷ್ಟು. ಅಂದರೆ ಕಾನ್ಸಂಟ್ರೇಟರಿಗೆ ಆರು ಗಂಟೆ, ರಾತ್ರಿ ಹನ್ನೊಂದರಿಂದ ಬೆಳಗಿನ ಐದು. ಬೆಳಿಗ್ಗೆ ಮೂರು ಗಂಟೆ, ಸಂಜೆ ಮೂರು ಗಂಟೆ ಜನರೇಟರ್ ಓಡಿ ಬ್ಯಾಟರಿ ತುಂಬುತ್ತದೆ. ಅದೇ ಹೊತ್ತಿಗೆ ಫ್ರಿಜ್, ದೀಪ, ಅಜ್ಜಿಯ ಹಗಲಿನ ಪಾಳಿ. ಒಟ್ಟು ಲೋಡ್ 1,250 ವಾಟ್ ಸುತ್ತಮುತ್ತ. ಮಿಕ್ಸಿ ಹಾಕುವಾಗ ಫ್ರಿಜ್ ಮತ್ತು ಚಾರ್ಜಿಂಗ್ ಬಂದ್. ಎಲ್ಲವೂ ಕೈಕೊಟ್ಟರೆ ಇರಲಿ ಎಂದು ತುಂಬಿದ ಆಮ್ಲಜನಕದ ಸಿಲಿಂಡರ್ ಒಂದು ಮನೆಯೊಳಗೆ, ಗ್ಯಾಸಿನಿಂದಲೂ ಅಡುಗೆಮನೆಯಿಂದಲೂ ದೂರ.

ಈ ಲೋಡಿನಲ್ಲಿ ಗಂಟೆಗೆ ಸುಮಾರು 0.6 ಕೆ.ಜಿ. ಗ್ಯಾಸ್ ಹೋಗುತ್ತದೆ. ದಿನಕ್ಕೆ ಆರು ಗಂಟೆಯಾದರೆ ಎರಡು ಸಿಲಿಂಡರಿಗೆ ಹತ್ತು ದಿನ. ಪೆಟ್ರೋಲಿನಲ್ಲಿ ಇಷ್ಟು ಓಡಿಸಲು ಐವತ್ತು ಲೀಟರ್ ಬೇಕಾಗುತ್ತಿತ್ತು. ಪರವಾನಗಿಯಿಲ್ಲದೆ ಮನೆಯಲ್ಲಿ ಇಟ್ಟುಕೊಳ್ಳಬಹುದಾದ ಪೆಟ್ರೋಲ್ 30 ಲೀಟರ್ ಮಾತ್ರ.

ಆಮೇಲೆ

ಹೊಂದಾಣಿಕೆಯ ನಂತರ ಖಾಲಿ ಓಡುವಾಗ 51.5, ಪೂರ್ಣ ಲೋಡಿನಲ್ಲಿ 49.8 ಹರ್ಟ್ಸ್. ಪುಷ್ಯದ ಮಳೆಯಲ್ಲಿ ಕರೆಂಟು ಹೋದಾಗ ಯಂತ್ರ ದಿನವೂ ತನ್ನ ಆರು ಗಂಟೆ ಓಡಿತು. ಅಜ್ಜಿ ಅಷ್ಟರಲ್ಲಿ ಮನೆಗೆ ಮರಳಿದ್ದರು. ಬೆಳಗಿನ ತಲೆನೋವು ಇಬ್ಬರಿಗೂ ಮತ್ತೆ ಬರಲಿಲ್ಲ.

ನಿರ್ವಹಣೆಯಲ್ಲಿ ಮನೆಯವರು ತಡವರಿಸುವುದು ಆಯಿಲ್ ವಿಷಯದಲ್ಲಿ. ಕಾರಿನಂತೆ ವರ್ಷಕ್ಕೊಮ್ಮೆ ಎಂದುಕೊಂಡಿದ್ದಾರೆ. ಈ ಎಂಜಿನ್ನಿನ ಹೊಟ್ಟೆಯಲ್ಲಿ ಇರುವುದು 0.6 ಲೀಟರ್, ಫಿಲ್ಟರ್ ಇಲ್ಲ, 100 ಗಂಟೆಗೊಮ್ಮೆ ಬದಲಿಸಬೇಕು. ದಿನಕ್ಕೆ ಆರು ಗಂಟೆಯ ಲೆಕ್ಕದಲ್ಲಿ ಅದು ಹದಿನೇಳು ದಿನ. ಗ್ಯಾಸಿನಲ್ಲಿ ಓಡಿದ ಆಯಿಲ್ ಕಪ್ಪಾಗದೆ ಹೊಸದರಂತೆ ಕಾಣುವುದರಿಂದ ಬಣ್ಣ ನೋಡಿ ತೀರ್ಮಾನಿಸುವಂತಿಲ್ಲ. ಅದಕ್ಕೇ ಸ್ವಿಚ್ ಪಕ್ಕದಲ್ಲಿ ಗಂಟೆ ಎಣಿಸುವ ಮೀಟರ್ ಹಾಕಿದೆ. ಮಳೆಯಿಲ್ಲದ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಇಪ್ಪತ್ತು ನಿಮಿಷ, ಫ್ರಿಜ್ ಮತ್ತು ಚಾರ್ಜರ್ ಲೋಡ್ ಹಾಕಿಯೇ ಓಡಿಸಬೇಕು. ಹಾಗೆ ಓಡಿಸಿದರೆ ಸುರುಳಿಯ ತೇವವೂ ಆರುತ್ತದೆ, ಫ್ಯಾನಿನ ಕವಚದೊಳಗೆ ಇಲಿ ಗೂಡು ಕಟ್ಟಿದ್ದರೆ ಜೂನ್ ತಿಂಗಳಿಗೆ ಮೊದಲೇ ತಿಳಿಯುತ್ತದೆ. ಈ ಯಂತ್ರದಲ್ಲಿ ಕಟ್ಟಿತ್ತು.

ನಾನು ಇನ್ನೂ ಕಣ್ಣಿಟ್ಟಿರುವುದು ವಾಲ್ವ್‌ಗಳ ಮೇಲೆ. ಗ್ಯಾಸ್ ಒಣ ಇಂಧನ. ಹೊಗೆ ವಾಲ್ವಿನ ಪೀಠ ಕ್ರಮೇಣ ಸವೆದು ವಾಲ್ವ್ ಒಳಕ್ಕೆ ಕೂರುತ್ತದೆ, ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಅಂತರ ಕಿರಿದಾಗುತ್ತದೆ. ಒಳವಾಲ್ವಿಗೆ 0.15, ಹೊಗೆ ವಾಲ್ವಿಗೆ 0.20 ಮಿ.ಮೀ. ಇರಬೇಕಾದಲ್ಲಿ, ಮೊದಲು ಬಿಚ್ಚಿದಾಗ ಹೊಗೆ ವಾಲ್ವಿನದು 0.12 ಇತ್ತು. ಸರಿಪಡಿಸಿದೆ. ಮಳೆಗಾಲ ಮುಗಿದ ಮೇಲೆ ಅಳೆದಾಗ 0.17. ಮುಂದಿನ ಅಳತೆ ಕಾಫಿ ಕೊಯ್ಲಿನ ನಂತರ. ಆಗಲೂ ಇದೇ ವೇಗದಲ್ಲಿ ಇಳಿದಿದ್ದರೆ ಸಿಲಿಂಡರ್ ಹೆಡ್ ಬಿಚ್ಚಿ ಗಟ್ಟಿ ಪೀಠ ಕೂರಿಸಬೇಕಾಗುತ್ತದೆ, ಅದರ ಖರ್ಚನ್ನು ಯಜಮಾನರಿಗೆ ಈಗಲೇ ಹೇಳಿಟ್ಟಿದ್ದೇನೆ.